ಕಲಾಂದ್ರಿಯಾಳ ಉಸಿರು

ನಮ್ಮೂರಿನ ದಾರ್ದೊ ಎಚೆವೆರಿಯ ಹೆಣ್ಣುಕುದುರೆ ಕಲಾಂದ್ರಿಯಾ ಬೆಳಿಗ್ಗೆ ಲಾಯದಿಂದ ಹೊರಬಂದ ಕೂಡಲೇ ಕೆಮ್ಮುತ್ತಿತ್ತು. ಆಮೇಲೆ ದಿನವಿಡೀ ಏನೂ ಇಲ್ಲ. ಚಳಿಗಾಲದ ದೂರದ ಓಟದ ಪಂದ್ಯಕ್ಕೆ ಅದನ್ನು ತಯಾರು ಮಾಡುತ್ತಿದ್ದ ದಾರ್ದೊ ತಲೆ ಕೆಡಿಸಿಕೊಳ್ಳಲಿಲ್ಲ. ಓಟದಲ್ಲಿ ಸವಾರಿ ಮಾಡಬೇಕಿದ್ದ ಮಗಳು ಸೆಲ್ವಾಗೆ ಸಮಾಧಾನವಾಗಲಿಲ್ಲ. ಅಪ್ಪನಿಗೆ ಹೇಳದೆ ಪಶುವೈದ್ಯೆ ಒಫೇಲಿಯಾಳನ್ನು ಕರೆತಂದಳು.

ಒಫೇಲಿಯಾ ಕುದುರೆಯ ಮೂತಿಗೆ ಗವಸು ಕಟ್ಟಿ, ಅದರ ಉಸಿರನ್ನು ಮಂಜುಗಡ್ಡೆಯಲ್ಲಿ ಹೂತಿಟ್ಟ ಗಾಜಿನ ನಳಿಕೆಗೆ ಹಾಯಿಸಿದಳು. ಒಳಗೆ ಹನಿಗಟ್ಟಿದ ನೀರನ್ನು ಪರೀಕ್ಷೆಗೆ ಒಯ್ದಳು. ಮರಳಿ ಬಂದಾಗ ದಾರ್ದೊ ಅಂಗಳದಲ್ಲಿ ಮಾತೆ ಎಂಬ ಎಲೆಯ ಕಷಾಯ ಹೀರುತ್ತಾ ಕೂತಿದ್ದ.

"ಇವಳ ಉಸಿರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ತುಂಬಾ ಜಾಸ್ತಿ ಇದೆ. ಗಾಯಕ್ಕೆ ಹಾಕಿದ್ರೆ ನೊರೆ ಬರುತ್ತಲ್ಲ, ಅದೇ. ಶ್ವಾಸನಾಳ ಊದ್ಕೊಂಡಾಗ ಮೈಯೇ ಅದನ್ನ ಮಾಡುತ್ತೆ. ನಿಮ್ಮ ಒಣಹುಲ್ಲಿಗೆ ಬೂಷ್ಟು ಹಿಡಿದಿದೆ, ಅದರ ಧೂಳೇ ಕಾರಣ. ಈ ಸಲ ಓಡಿಸ್ಬೇಡಿ."

"ಉಸಿರನ್ನ ಬಾಟ್ಲಿಗೆ ತುಂಬೋರೂ ಬಂದ್ರಪ್ಪ!" ದಾರ್ದೊ ನಕ್ಕ. "ನಂದೂ ಹಿಡೀರಿ ಡಾಕ್ಟ್ರಮ್ಮ, ಬರೀ ವೈನೇ ಸಿಗೋದು."

"ತಮಾಷೆ ಅಲ್ಲ. ರಕ್ತ ಕಾರ್ಕೊಂಡು ಬೀಳ್ತಾಳೆ."

"ಓಟದ ಮುಂಚೆ ನಿಮ್ಮೋರೇ ನೋಡ್ತಾರಲ್ಲ. ಅವ್ರು ಬೇಡ ಅಂದ್ರೆ ನಿಲ್ಲಿಸ್ತೀನಿ."

ಓಟದ ದಿನ ಪಂದ್ಯದ ಪಶುವೈದ್ಯರು ಎದೆಬಡಿತ ನೋಡಿದರು, ಕಾಲು ನೋಡಿದರು. ಎರಡೂ ಚೆನ್ನಾಗಿದ್ದವು. ಉಸಿರಿನ ಪರೀಕ್ಷೆ ನಿಯಮದಲ್ಲಿಲ್ಲ ಎಂದು ಒಫೇಲಿಯಾಳ ಮಾತನ್ನು ಪಕ್ಕಕ್ಕಿಟ್ಟರು.

ಮೊದಲ ಹಂತದಲ್ಲಿ ಕಲಾಂದ್ರಿಯಾ ಮುಂದಿನ ಗುಂಪಿನಲ್ಲೇ ಇತ್ತು. ವಿರಾಮ ಮುಗಿದು ಮತ್ತೆ ಓಟ ಶುರುವಾದ ಸ್ವಲ್ಪ ಹೊತ್ತಿಗೆ ಸೆಲ್ವಾಗೆ ಕುದುರೆಯ ಎದೆಯೊಳಗಿಂದ ಗೊರಗೊರ ಸದ್ದು ಕೇಳಿಸಿತು. ಕೆಳಗಿಳಿದು, ಜೀನಿನ ಪಟ್ಟಿ ಸಡಿಲಿಸಿ, ರಸ್ತೆಬದಿಯಲ್ಲಿ ನಡೆಸತೊಡಗಿದಳು. ನೀರಿನ ಬಕೆಟ್ಟುಗಳನ್ನು ಹೇರಿಕೊಂಡು ಹಿಂದೆಯೇ ಬರುತ್ತಿದ್ದ ದಾರ್ದೊನ ಗಾಡಿ ನಿಂತಿತು.

"ಯಾಕೇ ಇಳಿದೆ? ಹತ್ತು!"

"ಉಸಿರಿಗೆ ಒದ್ದಾಡ್ತಿದಾಳೆ ಅಪ್ಪ. ಕಿವಿ ಕೊಟ್ಟು ಕೇಳು."

"ಊರಿಗೂರೇ ನೋಡ್ತಿದೆ. ನನ್ನ ಕುದುರೆ ನಡ್ಕೊಂಡು ಬರ್ಬೇಕಾ? ಹತ್ತೇ!"

"ಹತ್ತಲ್ಲ."

ದಾರ್ದೊ ಲಗಾಮು ಕಿತ್ತುಕೊಂಡು ತಾನೇ ಹತ್ತಿದ. ಸವಾರ ಬದಲಾದರೆ ಪಂದ್ಯದಿಂದ ಹೊರಗೆ. ಅದು ಅವನಿಗೂ ಗೊತ್ತಿತ್ತು. ಊರೊಳಗೆ ಓಡಿಕೊಂಡೇ ಹೋಗಬೇಕೆಂಬ ಒಂದೇ ಹಟ. ಸೆಲ್ವಾ ಅವನ ಕಾಲು ಹಿಡಿದು ಜೋತಾಡಿದಳು. ಝಾಡಿಸಿ ಬೀಳಿಸಿದ.

ಹೇಳಿದಂತೆ ಕೇಳುವ ಕುದುರೆ ಅದು, ಓಡಿತು. ಸೇತುವೆ ದಾಟಿದ ಮೇಲೆ ಮುಂಗಾಲು ಮಡಚಿ ಕುಸಿಯಿತು. ಸೆಲ್ವಾ ಓಡಿ ಬರುವಾಗ ದಾರ್ದೊ ಧೂಳಲ್ಲಿ ಮಂಡಿಯೂರಿ, ಅಂಗಿ ಬಿಚ್ಚಿ, ಕುದುರೆಯ ಮೂಗಿನ ರಕ್ತ ಒರೆಸುತ್ತಿದ್ದ. ಒರೆಸಿದಷ್ಟೂ ಬರುತ್ತಿತ್ತು.

ಪಂದ್ಯಕ್ಕೆ ಬಂದಿದ್ದ ಒಫೇಲಿಯಾ ಓಡಿ ಬಂದು ಕುದುರೆಯ ಎದೆಗೆ ಕಿವಿಯಿಟ್ಟಳು. ಚೀಲ ಬಿಚ್ಚಿ ಚುಚ್ಚುಮದ್ದು ತೆಗೆದಳು.

"ಬೇಡ, ಸುಧಾರಿಸ್ಕೊಳ್ತಾಳೆ," ಅಂದ ದಾರ್ದೊ. "ಯಾರಾದ್ರೂ ನೀರು ತನ್ರೋ!"

ಸುತ್ತ ನೆರೆದವರಲ್ಲಿ ಯಾರೂ ಕದಲಲಿಲ್ಲ. ಸೆಲ್ವಾ ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ನೋವಿಲ್ದೆ ಹೋಗ್ಲಿ, ಕೊಟ್ಬಿಡಿ ಡಾಕ್ಟ್ರೇ," ಅಂದಳು.

ಚುಚ್ಚುಮದ್ದಿನ ನಂತರ ಹೊಟ್ಟೆಯ ಏರಿಳಿತ ನಿಂತಿತು. ರಕ್ತದ ಅಂಗಿಯನ್ನು ಮುದುರುತ್ತಾ ದಾರ್ದೊ ಕೇಳಿದ: "ನೀವು ಇವಳ ಉಸಿರು ತುಂಬ್ಕೊಂಡು ಹೋದಾಗ್ಲೇ ಇವಳಿಗೆ ಅಷ್ಟು ಸಂಕಟ ಇತ್ತಾ?"

"ಇತ್ತು. ಒಳ್ಳೆ ಹುಲ್ಲು ಹಾಕಿ, ಬಯಲಲ್ಲಿ ಬಿಟ್ಟಿದ್ರೆ ವಸಂತದ ಹೊತ್ತಿಗೆ ಸರಿಯಾಗ್ತಿದ್ಲು."

ಸೆಲ್ವಾ ಒಫೇಲಿಯಾಳ ಗಾಡಿಯಲ್ಲೇ ಹೊರಟಳು. ಈಗ ದುರಾಸ್ನೊ ಪಟ್ಟಣದಲ್ಲಿ ಸೋದರತ್ತೆಯ ಬೇಕರಿಯಲ್ಲಿದ್ದಾಳೆ. ಭಾನುವಾರ ಬಂತೆಂದರೆ ದಾರ್ದೊ ಬಸ್ಸು ಹಿಡಿದು ಹೋಗಿ, ಗಿರಾಕಿಗಳ ಸಾಲಿನಲ್ಲಿ ನಿಲ್ಲುತ್ತಾನೆ. ಅವಳು ಬ್ರೆಡ್ಡು ಕಟ್ಟಿಕೊಟ್ಟು, ಅವನ ಹೆಗಲಾಚೆ ನೋಡುತ್ತಾ, "ಮುಂದಿನವ್ರು ಬನ್ನಿ," ಅನ್ನುತ್ತಾಳೆ.