ವೇದಿಕೆಯ ಮೇಲೆ ದೇವಿಬಾಯಿ ಕೇಳಿದ್ದು

ವಿಜಾಪುರದ ಕಡೆಯ ದೇವಿಬಾಯಿ ಗೋವಾಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಸಾಂಖಳಿಯ ಹತ್ತಿರ ಗ್ಯಾಸ್ ಕಂಪನಿಯೊಂದು ನೆಲದಲ್ಲಿ ಪೈಪು ಹೂಳುತ್ತಿತ್ತು. ಅವಳು ಅಲ್ಲಿ ಮಣ್ಣು ಹೊರುತ್ತಿದ್ದಳು.

2012ರ ಮಾರ್ಚಿನ ಒಂದು ಬೆಳಿಗ್ಗೆ ಶಫೀಸಾಬ ಜೆಸಿಬಿಯಿಂದ ಅಗೆಯುತ್ತಿದ್ದಾಗ ಮಣ್ಣಿನ ಜೊತೆ ಹಳದಿ ಪಟ್ಟಿಯ ತುಂಡೊಂದು ಮೇಲೆ ಬಂತು. ಹೂತ ಪೈಪಿನ ಮೇಲೆ ಗುರುತಿಗೆ ಹಾಸುವ ಪಟ್ಟಿ ಅದು. ದೇವಿಬಾಯಿ ತಾನೇ ಎಷ್ಟೋ ಸಲ ಹಾಸಿದ್ದಳು. ಬುಟ್ಟಿ ಎಸೆದು ಓಡಿದಳು.

"ನಿಲ್ಲಸೋ ಶಫೀ! ಕೆಳಗ ಗ್ಯಾಸ್ ಐತಿ!"

ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅವಳು ಎರಡೂ ಕೈ ಎತ್ತಿ ಎದುರಿಗೇ ನಿಂತುಬಿಟ್ಟಳು. ಜೆಸಿಬಿ ನಿಂತಿತು. ಸಲಿಕೆಯಿಂದ ಮಣ್ಣು ಸರಿಸಿ ನೋಡಿದರೆ, ಮೊದಲೇ ಹೂತಿದ್ದ, ಗ್ಯಾಸ್ ಹರಿಯುತ್ತಿದ್ದ ಪೈಪು ಒಂದೂವರೆ ಗೇಣು ಕೆಳಗಿತ್ತು. ಶಫೀಸಾಬ ಅಲ್ಲೇ ಕೂತು ಬೆವರು ಒರೆಸಿಕೊಂಡ.

ಮುಂದಿನ ತಿಂಗಳು ಕಂಪನಿಯ ವಾರ್ಷಿಕ ಸಮಾರಂಭ, ಪಣಜಿಯ ದೊಡ್ಡ ಹೋಟೆಲಿನಲ್ಲಿ. ದೇವಿಬಾಯಿಗೆ ಸನ್ಮಾನವೆಂದು ಕೂಲಿಯವರ ಮೇಲ್ವಿಚಾರಣೆಯ ಮುಕಾದಮ ಮಾನಪ್ಪನೇ ಅವಳನ್ನು ಬಸ್ಸಿನಲ್ಲಿ ಕರೆದೊಯ್ದ. ಮ್ಯಾನೇಜರ್ ಸಾಹೇಬರು ವರ್ಷದ ಸಾಧನೆ ಹೇಳುತ್ತ ಹೋದರು. ನಲವತ್ತು ಕಿಲೋಮೀಟರ್ ಪೈಪು. ಒಂದೂ ಅಪಘಾತವಿಲ್ಲ. ಊರವರಿಗೆ ನೆರವಾಗಿ ಆರು ಶಾಲೆಗಳಲ್ಲಿ ಶೌಚಾಲಯ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಶಾಲು ಹೊದಿಸಿ, "ಎರಡು ಮಾತಾಡಿ" ಎಂದು ಹಿಂದಿಯಲ್ಲಿ ಹೇಳಿ ಮೈಕು ಕೊಟ್ಟರು.

"ಸಾಲಿಗೆ ಕಟ್ಟಿಸಿದ್ದು ಭಾಳ ಚಲೋ ಆತ್ರಿ," ಎಂದಳು ದೇವಿಬಾಯಿ ತನ್ನ ಕನ್ನಡದಲ್ಲೇ. "ನಾವು ಹದಿನೆಂಟು ಮಂದಿ ಹೆಣ್ಮಕ್ಳು ದಿನಾ ರಸ್ತಾದಾಗ ಕೆಲಸ ಮಾಡಾಕತ್ತೇವಿ. ನಮಗ ಹೋಗಾಕ ಒಂದು ಜಾಗಾ ಇಲ್ರಿ. ಅದಕ್ಕಂತ ಹೊತ್ತು ಮುಳುಗೂತನಕ ನೀರ ಕುಡಿಯಂಗಿಲ್ಲ ನಾವು."

ಮಾನಪ್ಪ ಮೈಕು ಇಸಿದುಕೊಂಡು ಹಿಂದಿಯಲ್ಲಿ, "ಕಂಪನಿ ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ ಅನ್ನುತ್ತಿದ್ದಾಳೆ" ಎಂದ.

"ಮಾನಪ್ಪಣ್ಣಾ, ನಾ ಹಂಗ ಅಂದಿಲ್ಲಲ್ಲ!"

ದೇವಿಬಾಯಿ ಅವನ ಕೈಯಿಂದ ಮೈಕು ಮರಳಿ ತೆಗೆದುಕೊಂಡಳು. ಮೀನು ಮಾರುವವರ ಹತ್ತಿರ ಕಲಿತ ಕೊಂಕಣಿಯಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಹಿಂದಿನ ಸಾಲಿನಲ್ಲಿ ಆಫೀಸಿನ ಹೆಂಗಸೊಬ್ಬಳು ಎದ್ದು ನಿಂತು ಚಪ್ಪಾಳೆ ಹೊಡೆದಳು. ಸಾಹೇಬರ ಮುಖ ಕೆಂಪಾಯಿತು. "ನಮಗೇ ಹೊಳೆಯಬೇಕಿತ್ತು," ಎಂದು ಕೊಂಕಣಿಯಲ್ಲೇ ಒಪ್ಪಿಕೊಂಡರು.

ಮರಳುವ ಬಸ್ಸಿನಲ್ಲಿ, ಅಸ್ನೋಡಾ ಊರು ದಾಟಿದ ಮೇಲೆ ಮಾನಪ್ಪ, "ನನ್ನ ಕೆಲಸ ಹೋಗ್ತೈತಿ ಅಂತ ಅಂಜಿದ್ನವಾ," ಎಂದ.

"ಹೋಗಂಗಿಲ್ಲ ಬಿಡಣ್ಣ. ಹೋದ್ರ ನಾ ಮತ್ತ ಮೈಕ್ ಹಿಡೀತೇನಿ."

ಅವನಿಗೆ ನಗು ತಡೆಯಲಾಗಲಿಲ್ಲ.

ಎಂಟನೆಯ ದಿನ ಟೆಂಪೋದಲ್ಲಿ ಎರಡು ನೀಲಿ ಪ್ಲಾಸ್ಟಿಕ್ ಶೌಚಾಲಯಗಳು ಬಂದವು. ಕೆಲಸ ಸರಿದಂತೆ ಅವೂ ಸರಿಯುವಂಥವು. ಎಲ್ಲಿ ಇಳಿಸಬೇಕೆಂದು ಡ್ರೈವರ್ ಮಾನಪ್ಪನನ್ನು ಕೇಳಿದ.

"ನನ್ನ ಏನ್ ಕೇಳ್ತಿ, ಅಕಿನ್ನ ಕೇಳು," ಎಂದ ಮಾನಪ್ಪ.

ದೇವಿಬಾಯಿ ಗೇರುಮರದ ನೆರಳು ತೋರಿಸಿದಳು. ಹದಿನೆಂಟು ಹೆಂಗಸರೂ ಬುಟ್ಟಿ ಇಳಿಸಿ, ಅಂದು ಮೊದಲ ಬಾರಿಗೆ ನಡು ಮಧ್ಯಾಹ್ನ ಹೊಟ್ಟೆ ತುಂಬ ನೀರು ಕುಡಿದರು.