ಎತ್ತೋದಕ್ಕೆ ಸದ್ದಿಲ್ಲ

"ಡ್ರಮ್ ಇಟ್ಟಾಗಿದೆ ಅಕ್ಕ. ಬಿಗಿದು, ಮೈಕೂ ಕೊಟ್ಟಾಗಿದೆ. ಈಗ ತೆಗಿ ಅಂದ್ರೆ ನಾನು ಯಾರ ಮುಖ ನೋಡ್ಲಿ?" ಎಂದ ಮೈಕಿನವನು, ವೈರಿನ ಸುರುಳಿಯನ್ನು ಹೆಗಲಿಗೇರಿಸುತ್ತ.

"ನನ್ನ ಮುಖ ನೋಡು," ಎಂದಳು ಹಾಡುಗಾತಿ. "ಹೊರಗೆ ಗೋಡೆಗೆ ಪೋಸ್ಟರ್ ಅಂಟಿಸಿದ್ದೀರಲ್ಲ, ಅದರಲ್ಲಿ ಎಷ್ಟು ಮುಖ ಇದೆ?"

"ಒಂದೇ."

"ಮತ್ತೆ ಡ್ರಮ್ ಯಾರು ಬಾರಿಸ್ತಾರೆ, ಆ ಗೋಡೆನಾ?"

ಬಾರಿಸುವವನು ಅಷ್ಟರಲ್ಲಿ ತಾನೇ ಪರದೆ ಸರಿಸಿಕೊಂಡು ಬಂದ. ಬಾಯಲ್ಲಿ ಬಿಸ್ಕತ್ತು, ಕಂಕುಳಲ್ಲಿ ಜೋಡಿ ಕೋಲು. ಅವಳ ಒಡಹುಟ್ಟಿದ ತಮ್ಮ. ಅಂಬೆಗಾಲಿಡುವಾಗಲೇ ಕೈಗೆ ಸಿಕ್ಕ ಡಬ್ಬಗಳನ್ನೆಲ್ಲ ಬಡಿದು ಬಡಿದು ಚಪ್ಪಟೆ ಮಾಡಿದ್ದವನು. ಈಗ ತಲೆ ನೆರೆತರೂ ಊರಿಗೆಲ್ಲ ಡಬ್ಬಣ್ಣ, ಅಕ್ಕನಿಗೆ ಬರೀ ಡಬ್ಬ.

"ಒಬ್ಬಳೇ ಎಷ್ಟು ಅಂತ ಹಾಡ್ತೀಯ, ಜೊತೆಗಿರೋಣ ಅಂತ ಬಂದೆ," ಎಂದ. "ನಡುವೆ ನೀರು ಕುಡಿಯೋಕಾದ್ರೂ ಬಿಡುವು ಬೇಡ್ವಾ?"

"ನಾನು ನೀರು ಕುಡಿಯೋವಾಗ ಜನ ಕಾಯ್ತಾರೆ. ನಿನ್ನನ್ನ ಯಾರು ಕರೆದ್ರು?"

"ಕರೀಬೇಕಾ? ಅಮ್ಮನ ಹಾಡು ಹಾಡ್ತೀಯಂತಲ್ಲ. ಅದರಲ್ಲಿ ನನ್ನ ಜಾಗ ಇದೆ."

ಅವಳಿಗೆ ಪಿತ್ತ ನೆತ್ತಿಗೇರಿತು. ನನ್ನ ಜಾಗವಂತೆ.

ಈ ಜಾಗಕ್ಕೆ ನುಗ್ಗಿದವರನ್ನು ಅವಳು ಪ್ರಾಯದಿಂದಲೂ ನೋಡಿಕೊಂಡು ಬಂದಿದ್ದಳು. ಮೊದಲ ಬ್ಯಾಂಡಿನ ಯಜಮಾನ ಕಹಳೆಯವನು. ಅಮ್ಮನ ಹಾಡಿನಲ್ಲಿ ಪ್ರತಿ ಎರಡನೇ ಸಾಲಿನ ಕೊನೆಗೆ ಒಂದಿಷ್ಟು ಹೊತ್ತು ಸುಮ್ಮನಿರಬೇಕು. ಅವಳು ಸುಮ್ಮನಾದದ್ದೇ ತಡ, ಬಾಗಿಲು ತೆರೆದ ಮನೆಗೆ ದನ ನುಗ್ಗಿದ ಹಾಗೆ ಪೋಂ ಎಂದು ನುಗ್ಗುತ್ತಿದ್ದ. ಎರಡನೇ ಬ್ಯಾಂಡಿನ ಗಿಟಾರಿನವನು ತುಂಬಾ ಓದಿಕೊಂಡವನು. ಹಾಡನ್ನು ತಿದ್ದಿ ತೀಡುತ್ತೇನೆಂದು ತನ್ನ ಬೆರಳುಗಳ ಓಟವನ್ನೆಲ್ಲ ಅಲ್ಲಿಗೇ ತುರುಕಿದ. "ರೇಡಿಯೊದಲ್ಲಿ ಸುಮ್ಮನಿದ್ರೆ ಜನ ಸ್ಟೇಷನ್ ತಿರುಗಿಸ್ತಾರಮ್ಮ," ಎಂದು ಬುದ್ಧಿ ಬೇರೆ ಹೇಳಿದ.

ಮೂರನೆಯದು ಅವಳ ಹೆಸರಿನದೇ ಬ್ಯಾಂಡು. ಹೆಸರು ಅವಳದು, ಗದ್ದಲ ಡಬ್ಬನದು. ಅಮ್ಮನ ಹಾಡು ಬರಬರುತ್ತ ಡಬ್ಬಣ್ಣನ ಹಾಡಾಯಿತು. ಇವಳು ಯಾವಾಗ ಬಾಯಿ ಮುಚ್ಚುತ್ತಾಳೋ ಎಂದೇ ಜನ ಕಾಯುತ್ತಿದ್ದರು. ಮುಚ್ಚಿ, ಪಕ್ಕಕ್ಕೆ ಸರಿದು, ನಗುನಗುತ್ತ ತಮ್ಮನತ್ತ ಕೈ ತೋರಿಸಬೇಕಿತ್ತು. ವರ್ಷಗಟ್ಟಲೆ ತೋರಿಸಿದಳು. ರಾತ್ರಿ ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದಳು.

ಗಂಟಲು ಇನ್ನೂ ಕೈಕೊಡದಿರುವಾಗಲೇ ಒಂದು ಸಲ ಆ ಹಾಡನ್ನು ಅಮ್ಮ ಹಾಡಿದ ಹಾಗೆ ನಾಲ್ಕು ಜನರ ಮುಂದೆ ಹಾಡಬೇಕು. ಅದಕ್ಕೇ ಬ್ಯಾಂಡು ಬಿಟ್ಟು, ಸೋರೆಬುರುಡೆಯ ತಂತಿವಾದ್ಯವೊಂದನ್ನೇ ಹಿಡಿದು ಹೊರಟಿದ್ದಳು. ಇವತ್ತೇ ಮೊದಲ ಕಛೇರಿ.

ಅವಳು ತಾನೇ ಹೋಗಿ ಡ್ರಮ್ಮಿನ ತಾಳದ ತಟ್ಟೆಯನ್ನು ಕಳಚಿ ಮೈಕಿನವನ ಕೈಗೆ ತುರುಕಿದಳು. ಅವನು ಡಬ್ಬಣ್ಣನ ಮುಖ ನೋಡಿದ, ಇವಳ ಮುಖ ನೋಡಿದ. ಇವಳದೇ ಹೆಚ್ಚು ಭಯ ಹುಟ್ಟಿಸಿರಬೇಕು, ಉಳಿದದ್ದನ್ನೂ ಕಳಚತೊಡಗಿದ.

"ಸರಿ, ಮುಂದಿನ ಸಾಲಲ್ಲಿ ಕೂತು ಕೇಳ್ತೀನಿ," ಎಂದ ತಮ್ಮ. "ಅದಕ್ಕೂ ಮಹಾರಾಣಿಯವರ ಅಪ್ಪಣೆ ಬೇಕಾ?"

"ಬಾಯಿ ಮುಚ್ಕೊಂಡು ಕೂರೋಕೆ ಯಾರಪ್ಪಣೆಯೂ ಬೇಡ."

ಸಭಾಂಗಣ ತುಂಬಿತು. ಎರಡು ಹಾಡಾದ ಮೇಲೆ ಅಮ್ಮನ ಹಾಡು ಎತ್ತಿಕೊಂಡಳು. ಒಂದು ಸಾಲು. ಇನ್ನೊಂದು ಸಾಲು. ಸುಮ್ಮನಾದಳು.

ಮುಂದಿನ ಸಾಲಿನ ಕುರ್ಚಿಯೊಂದರ ಕೈ ಮೇಲೆ ಟಕ ಟಕ ಟಕ ಧಡ್ ಎಂದಿತು. ಜನಕ್ಕೆ ಗುರುತು ಹತ್ತಿತು. ಯಾರೋ ಶಿಳ್ಳೆ ಹೊಡೆದರು.

ಅವಳು ತಂತಿಯ ಮೇಲೆ ಅಂಗೈ ಒತ್ತಿದಳು. "ಡಬ್ಬಾ."

"ಕೈ ತಾನಾಗೇ ಹೋಯ್ತು ಅಕ್ಕ."

"ತಾನಾಗೇ ಹೋದದ್ದನ್ನ ನೀನಾಗೇ ವಾಪಸ್ ಕರ್ಕೊ."

ಜನ ನಕ್ಕರು. ಡಬ್ಬ ನಗಲಿಲ್ಲ, ಎದ್ದು ನಿಂತ. ಕಿವಿ ಕೆಂಪಾಗಿತ್ತು.

"ನಿನಗೊಬ್ಬಳಿಗೇ ಅಮ್ಮನಾ? ಆಸ್ಪತ್ರೆ ಬಟ್ಟೆ ಒಗೆಯೋ ಕಲ್ಲಿನ ಹತ್ರ ನಾನೂ ಇದ್ದೆ. ಅವಳು ಬಟ್ಟೆ ಕುಕ್ಕಿದ ಏಟು ನನಗೂ ಕೇಳ್ಸಿದೆ. ಇಷ್ಟು ವರ್ಷ ಅದನ್ನೇ ಬಾರಿಸಿದ್ದು ನಾನು."

"ಏಟು ಹಾಡಿನ ಮಾತಿನ ಮೇಲೆ ಬೀಳ್ತಿತ್ತು, ಸುಮ್ಮನಿರೋ ಕಡೆ ಅಲ್ಲ," ಎಂದಳು ಅವಳು. ಮೈಕಿನ ಮುಂದಿರುವುದು ಮರೆತೇಹೋಗಿತ್ತು. "ನೀನು ನೊರೆಯಲ್ಲಿ ಆಡ್ತಿದ್ದೆ. ಪಕ್ಕದಲ್ಲಿ ನಿಂತು ನೀರು ಹುಯ್ತಿದ್ದವಳು ನಾನು. ಆಸ್ಪತ್ರೆಯ ದಪ್ಪ ಹೊದಿಕೆ, ನೆನೆದು ಹೆಣಭಾರ. ಅದನ್ನ ತಲೆ ಮೇಲಕ್ಕೆ ಎತ್ತೋವಾಗ ಹಾಡೋಕೆ ಅವಳಿಗೆ ಉಸಿರೇ ಸಾಲ್ತಿರ್ಲಿಲ್ಲ. ಅದಕ್ಕೆ ಸುಮ್ಮನಾಗ್ತಿದ್ಲು. ಎತ್ತೋದಕ್ಕೆ ಸದ್ದಿಲ್ಲ ಕಣೋ. ಅಲ್ಲಿ ನೀವೆಲ್ಲ ಕುಣಿದ್ರಿ."

"ಮೊದ್ಲೇ ಹೇಳಿದ್ರೆ ಏನಾಗ್ತಿತ್ತು?"

"ಹೇಳಿದ್ದೆ. ನೀನು ಬಾರಿಸ್ತಿದ್ದೆ."

ಅವನು ಕುಕ್ಕರಿಸಿದ. ಎರಡೂ ಅಂಗೈಗಳನ್ನು ತೊಡೆಯಡಿಗೆ ಸೇರಿಸಿಕೊಂಡ.

ಅವಳು ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಸಿಟ್ಟು ಇಳಿದಿರಲಿಲ್ಲ, ದನಿಯಲ್ಲಿ ಕೆಂಡದಂತೆ ಕೂತಿತ್ತು. ಒಂದು ಸಾಲು. ಇನ್ನೊಂದು ಸಾಲು. ಸುಮ್ಮನಾದಳು. ಕೆಮ್ಮುವವರೂ ಕೆಮ್ಮಲಿಲ್ಲ. ಅಷ್ಟು ಹೊತ್ತಿನ ಮೌನ ಕಂಡು, ಹಾಡು ಮುಗಿಯಿತೆಂದುಕೊಂಡ ಲೈಟಿನವನು ವೇದಿಕೆಯ ದೀಪಗಳನ್ನೆಲ್ಲ ಆರಿಸಿಬಿಟ್ಟ. ಕತ್ತಲಲ್ಲೇ ಅವಳು ಮೂರನೇ ಸಾಲು ಎತ್ತಿದಳು.