ಅಗಲ ಮುಖದ ದುರ್ಬೀನು

ದೋನ್ಯಾ ರೋಸ್ಮಿರಾ ಆರು ತಿಂಗಳಿಂದ ಪ್ರತಿ ಭಾನುವಾರ ಹಕ್ಕಿ ನೋಡಲು ಗುಡ್ಡ ಹತ್ತುತ್ತಿದ್ದಳು. ಕಂಡ ಹಕ್ಕಿ ಮಾತ್ರ ಒಂದೂ ಇಲ್ಲ.

ತಪ್ಪು ಅವಳ ಕಣ್ಣಿನದಲ್ಲ, ದುರ್ಬೀನಿನದು. ಅದು ಊರಿನ ಹಕ್ಕಿ ಸಂಘದ ಅಧ್ಯಕ್ಷ ದೋನ್ ಅರಿಸ್ತೋಬುಲೋನದು. ಆ ಮನುಷ್ಯನ ಮುಖವೋ, ಅರೆಪಾ ರೊಟ್ಟಿಯಷ್ಟು ಅಗಲ; ಒಂದು ಕಣ್ಣು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ದುರ್ಬೀನಿನ ಎರಡು ನಳಿಗೆಗಳೂ ಅಷ್ಟೇ ದೂರ ದೂರ ಕೂತಿದ್ದವು. ರೋಸ್ಮಿರಾಳ ಕಣ್ಣುಗಳು ಹತ್ತಿರ ಹತ್ತಿರ. ಅವಳಿಗೆ ಕಾಣುತ್ತಿದ್ದುದು ಬರೀ ಕಪ್ಪು, ಜೊತೆಗೆ ತನ್ನದೇ ರೆಪ್ಪೆ. ನಡುವಿನ ಕೀಲಿಗೆ ಕೈ ಹಾಕಿದರೆ ಅವನು ಹಾರಿಬೀಳುತ್ತಿದ್ದ: "ಅಯ್ಯೋ, ಅದನ್ನ ಮುಟ್ಬೇಡಿ ದೋನ್ಯಾ! ನನ್ನ ಮುಖಕ್ಕೆ ಒಗ್ಗಿರೋದು ಅದು!"

ಸರಿ, ಅವಳು ಸುಮ್ಮನೆ ಕಪ್ಪನ್ನೇ ನೋಡಿ "ಆಹಾ, ಎಂಥಾ ನೀಲಿ!" ಎನ್ನುತ್ತಿದ್ದಳು. ಹಕ್ಕಿ ಹಸಿರಾಗಿದ್ದರೆ ಬಿಸಿಲಿನ ಆಟವೆಂದು ಅವನೇ ಸಮಾಧಾನ ಮಾಡಿಕೊಳ್ಳುತ್ತಿದ್ದ. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಈ ಮನುಷ್ಯ ಪಕ್ಕದಲ್ಲಿ ಏದುಸಿರು ಬಿಡುತ್ತ ನಡೆಯುವುದು ಅವಳಿಗೆ ಇಷ್ಟ. ಇಷ್ಟವೇನು ಬಂತು, ಅವಳಿಗೆ ಅವನೆಂದರೆ ಜೀವ! ನಿಜ ಹೇಳಿದರೆ ಇನ್ನು ಕರೆಯುವುದಿಲ್ಲವೆಂಬ ಭಯ.

ಆ ದಿನ ಗುಡ್ಡದ ನೆತ್ತಿಯಲ್ಲಿ ಅರಿಸ್ತೋಬುಲೋ ಗಕ್ಕನೆ ನಿಂತ. "ಪೀಹಾ! ಕಂದು ಟೋಪಿ ಪೀಹಾ!" ಎಂದು ಪಿಸುಗುಟ್ಟಿದ. ಇಡೀ ಕಣಿವೆಗೆ ಕೇಳುವಂಥ ಪಿಸುಮಾತು. ಜೀವಮಾನವೆಲ್ಲ ಹುಡುಕಿದ ಹಕ್ಕಿ ಅದು. ಆದರೆ ಅಪರೂಪದ ಹಕ್ಕಿಯನ್ನು ಇಬ್ಬರು ಕಂಡರೇ ಕಂಡ ಹಾಗೆ ಎಂದು ಸಂಘದ ನಿಯಮ, ಮಾಡಿದವನೂ ಅವನೇ. ಸಂಘದ ಉಳಿದವರೆಲ್ಲ ಇನ್ನೂ ಕೆಳಗಿನ ತಿರುವಿನಲ್ಲಿ ಬೆಲ್ಲದ ನೀರು ಕುಡಿಯುತ್ತ ಕೂತಿದ್ದರು.

"ನೋಡಿ ದೋನ್ಯಾ, ಬೇಗ! ಆ ಯಾರುಮೋ ಮರ, ಎಡಗಡೆ ಕೊಂಬೆ! ಹಾರಿಹೋದ್ರೆ ನಾನು ಸತ್ತೆ!"

ಅವಳು ದುರ್ಬೀನು ಕಣ್ಣಿಗಿಟ್ಟಳು. ಅದೇ ಕಪ್ಪು.

"ಕಂಡಿತಾ?"

"ತಡೀರಿ."

"ಕಂಡಿತಾ ಇಲ್ವಾ?"

ಹೂಂ ಅಂದುಬಿಡುವುದು ಎಷ್ಟು ಸುಲಭ! ಆದರೆ ಅವನ ದನಿ ಅಳುವ ಹಾಗಿತ್ತು. ಅಂಥ ಆಸೆಯ ಮುಂದೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಆದದ್ದಾಗಲಿ ಎಂದು ಎರಡು ನಳಿಗೆಗಳನ್ನೂ ಹಿಡಿದು, ಕೋಳಿ ಕತ್ತು ಹಿಸುಕುವ ಹಾಗೆ ಒತ್ತಿದಳು. ಕೀಲು ಕಿರ್ರೆಂದಿತು.

"ಅಯ್ಯಯ್ಯೋ, ಮುರಿದೇಬಿಟ್ರಲ್ಲಾ!"

ಮುರಿಯಲಿಲ್ಲ. ಎರಡು ವೃತ್ತ ಸೇರಿ ಒಂದಾದವು, ಮರ ಮೂಗಿನ ತುದಿಗೆ ಬಂದು ನಿಂತಿತು. ಪೀಹಾದ ಮೈಮೇಲಿನ ನರ ನರವೂ ಕಂಡಿತು. ನರ ಕಂಡಿದ್ದೇ ತೊಂದರೆಯಾಯಿತು.

"ದೋನ್ ಅರಿಸ್ತೋಬುಲೋ, ಇದು ಎಲೆ."

"ಏನು?"

"ಒಣಗಿದ ಎಲೆ. ಮುದುರಿಕೊಂಡು ನೇತಾಡ್ತಿದೆ."

"ಎಲೆಯಂತೆ! ಅದು ತಲೆ ಆಡಿಸಿದ್ದು ನಾನೇ ನೋಡ್ದೆ!"

"ಗಾಳಿ ಬೀಸ್ತಿದೆ ಕಣ್ರೀ."

ಅವನು ದುರ್ಬೀನು ಕಸಿದುಕೊಂಡು ನೋಡಿದ. "ಏನೂ ಕಾಣ್ತಿಲ್ವಲ್ರೀ! ಬರೀ ಕಪ್ಪು!"

"ಹೌದಲ್ವಾ? ಆರು ತಿಂಗಳು ನಾನು ನೋಡಿದ್ದೂ ಅದೇ."

"ಮತ್ತೆ ಆ ನೀಲಿ ಹಕ್ಕಿ?"

"ಕಾಣಲಿಲ್ಲ."

"ಗಿಳಿ ಹಿಂಡು?"

"ಅರಚಿದ್ದು ಕೇಳಿಸ್ತು."

"ಹಾಗಾದ್ರೆ ಈ ಏರು ಹತ್ಕೊಂಡು ಯಾಕ್ರೀ ಬರ್ತಿದ್ರಿ?"

ರೋಸ್ಮಿರಾಳಿಗೆ ರೇಗಿಹೋಯಿತು. "ಯಾಕಂತೆ! ಇಷ್ಟಗಲ ಮುಖದಲ್ಲಿ ಎರಡು ಕಣ್ಣಿದೆ, ಆಚೆ ಗುಡ್ಡದ ಕೊಂಬೆ ಕಾಣುತ್ತೆ, ಪಕ್ಕದಲ್ಲಿರೋಳು ಕಾಣಲ್ಲ! ನಿಮಗೋಸ್ಕರ ಬರ್ತಿದ್ದೆ ಕಣ್ರೀ, ನಿಮಗೋಸ್ಕರ!"

ಅರಿಸ್ತೋಬುಲೋನ ಮುಖ ಕೆಂಪಾಯಿತು; ಅಷ್ಟು ಮುಖ ಕೆಂಪಾಗಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಪೀಹಾ ಕೊಂಬೆಯಿಂದ ಕಳಚಿ, ತಿರುಗುತ್ತ ತಿರುಗುತ್ತ ಕಣಿವೆಗೆ ಇಳಿಯಿತು. ಎಲೆಯೆಂಬುದು ಬರಿಗಣ್ಣಿಗೂ ಗೊತ್ತಾಗುವಂತಿತ್ತು. ಅವನು ಅದನ್ನು ಕಣ್ಣಲ್ಲೇ ಕಳಿಸಿಕೊಟ್ಟು ನಿಟ್ಟುಸಿರಿಟ್ಟ.

"ಬರೋ ಭಾನುವಾರ ದುರ್ಬೀನು ಬೇಡ ದೋನ್ಯಾ," ಎಂದ ತಲೆ ತಗ್ಗಿಸಿಕೊಂಡು. "ಸುಮ್ನೆ ನಾವಿಬ್ರೇ ನಡ್ಕೊಂಡು ಬರೋಣ."

"ಇಬ್ರೇ ಬರೋಣ," ಎಂದಳು ರೋಸ್ಮಿರಾ, ದುರ್ಬೀನನ್ನು ಅವನ ಕೈಯಿಂದ ಕಿತ್ತುಕೊಳ್ಳುತ್ತ. "ಆದ್ರೆ ಇದೂ ಬರ್ಲಿ. ನನಗೆ ಈಗಷ್ಟೇ ಕಾಣೋಕೆ ಶುರುವಾಗಿದೆ."